ಹೊಸ ಬ್ರೇಕು, ಹೊಸ ಸಪ್ಪಳ

ಮೋಟಾರು ಗಾಡಿಯ ಸಪ್ಪಳಗಳಲ್ಲೆಲ್ಲ ಬ್ರೇಕಿನ ಸಪ್ಪಳದಷ್ಟು ಮನಸ್ಸನ್ನು ಕಲಕುವುದು ಮತ್ತೊಂದಿಲ್ಲ. ಎಂಜಿನ್ನು ಕೆಮ್ಮಿದರೆ ಗಾಡಿ ನಿಂತೀತು, ಅಷ್ಟೇ. ಬ್ರೇಕು ಕೂಗಿದರೆ ಗಾಡಿ ನಿಲ್ಲದೆ ಹೋದೀತೆಂಬ ಭಯ. ಅದರಲ್ಲೂ ಕೈತುಂಬ ಹಣ ಸುರಿದು, ಸ್ಪೋರ್ಟ್ಸ್ ಕಾರಿನ ಹಳೆಯ ಬ್ರೇಕು ತೆಗೆಸಿ, ಹೆಚ್ಚು ಬಲದ ಹೊಸದನ್ನು ಹಾಕಿಸಿದ ಮರುದಿನವೇ ಗಾಲಿಯೊಳಗಿಂದ ಕಿರುಚಾಟ ಎದ್ದರೆ ಯಜಮಾನನು ಗ್ಯಾರೇಜಿನವನನ್ನು ಬೈಯುತ್ತಾನೆ. ಗ್ಯಾರೇಜಿನವನು ಡ್ರೈವರನನ್ನು ಬೈಯುತ್ತಾನೆ. ಡ್ರೈವರನಿಗೆ ಬೈಯಲು ಯಾರೂ ಉಳಿಯುವುದಿಲ್ಲ.

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಅಂಥ ಗಾಡಿಗಳ ಒಡೆಯರು ಇರಲಿಕ್ಕಿಲ್ಲ. ಆದರೆ ಅವುಗಳನ್ನು ಓಡಿಸುವವರು, ತೊಳೆಯುವವರು, ಬಿಚ್ಚಿ ಜೋಡಿಸುವವರು, ಗ್ಯಾರೇಜಿನ ಬಿಲ್ಲು ಬರೆಯುವ ಗುಮಾಸ್ತರು ಇದ್ದಾರೆ. ದೋಷ ಇಂಥದೆಂದು ಹೆಸರಿಟ್ಟು ಹೇಳಬಲ್ಲವನ ಮೇಲೆ ಸುಳ್ಳು ಅಪವಾದ ಬಹುಕಾಲ ನಿಲ್ಲುವುದಿಲ್ಲ. ಆದುದರಿಂದ ಈ ವಿಷಯವನ್ನು ಇಲ್ಲಿ ತುಸು ವಿವರವಾಗಿಯೇ ನೋಡೋಣ. ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ಸಾಮಾನ್ಯ ಕಾರಿಗೂ ಮೋಟಾರು ಸೈಕಲ್ಲಿಗೂ ಸಲ್ಲುತ್ತದೆ.

ಬ್ರೇಕಿನ ಕೆಲಸ

ಬ್ರೇಕು ಮಾಡುವ ಕೆಲಸ ಒಂದೇ: ಓಟವನ್ನು ಕಾವಾಗಿ ಮಾರ್ಪಡಿಸುವುದು. ೧೨೦೦ ಕಿಲೋ ತೂಕದ ಕಾರು ಗಂಟೆಗೆ ೮೦ ಕಿಲೋಮೀಟರು ವೇಗದಲ್ಲಿ ಹೋಗುತ್ತಿದೆಯೆನ್ನಿ. ಅದನ್ನು ಒಮ್ಮೆ ಪೂರ್ತಿ ನಿಲ್ಲಿಸಿದಾಗ ಹುಟ್ಟುವ ಕಾವು ಒಂದು ಲೀಟರು ನೀರನ್ನು ಚಹಕ್ಕೆ ಕುದಿಯುವಷ್ಟು ಕಾಯಿಸಲು ಸಾಕು. ಖಂಡಾಳದ ಎತ್ತರದಿಂದ ಖೋಪೋಲಿಯ ಕಡೆಗೆ ಬೋರ್ ಘಾಟನ್ನು ಇಳಿಯುವಾಗ ಗಾಡಿ ೫೦೦ ಮೀಟರು ಕೆಳಗೆ ಬರುತ್ತದೆಂದು ಲೆಕ್ಕ ಹಿಡಿದರೆ, ಗೇರಿನ ಸಹಾಯವಿಲ್ಲದೆ ಬರೀ ಬ್ರೇಕನ್ನೇ ನಂಬಿದವನ ನಾಲ್ಕು ಗಾಲಿಗಳಲ್ಲಿ ಸುಮಾರು ೨೦ ಲೀಟರು ನೀರು ಕುದಿಸುವ ಕಾವು ಸೇರುತ್ತದೆ. ಇಷ್ಟು ಕಾವನ್ನು ತಾಳಿ, ಬೇಗ ಗಾಳಿಗೆ ಬಿಟ್ಟುಕೊಡುವ ಬ್ರೇಕೇ ಬಲವಾದ ಬ್ರೇಕು. ಕಾವನ್ನು ಬಿಡಲಾರದ ಬ್ರೇಕು ಘಾಟಿನ ನಡುವೆ ಬಲಗುಂದುತ್ತದೆ.

ನಮ್ಮ ಹಿರಿಯ ಡ್ರೈವರರು ಓಡಿಸಿದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಕುರ್ಲಾದ ಕಾರ್ಖಾನೆಯಲ್ಲಿ ಹುಟ್ಟಿದ್ದು. ಅದರ ನಾಲ್ಕು ಗಾಲಿಗಳಲ್ಲೂ ಡ್ರಮ್ ಬ್ರೇಕುಗಳಿದ್ದವು. ಮುಚ್ಚಿದ ಪಾತ್ರೆಯಂತಿರುವ ಡ್ರಮ್ಮಿನಲ್ಲಿ ಕಾವೂ ಧೂಳೂ ಒಳಗೇ ಉಳಿಯುತ್ತವೆ. ೨೦೨೩ರ ಅಕ್ಟೋಬರ್ ಕೊನೆಗೆ ಆ ಟ್ಯಾಕ್ಸಿಗಳು ಮುಂಬಯಿಯ ಬೀದಿಯಿಂದ ನಿವೃತ್ತವಾದವು. ಈಗಿನ ಕಾರುಗಳ ಮುಂದಿನ ಗಾಲಿಗಳಲ್ಲಿ ತೆರೆದ ಡಿಸ್ಕು ತಿರುಗುತ್ತದೆ. ಕ್ಯಾಲಿಪರ್ ಎಂಬ ಹಿಡಿಕೆ ಎರಡು ಪ್ಯಾಡುಗಳಿಂದ ಅದನ್ನು ಇಕ್ಕಳದಂತೆ ಒತ್ತುತ್ತದೆ. ಕಾವು ಬೇಗ ಆರುತ್ತದೆ, ಸಪ್ಪಳ ಮಾತ್ರ ಬೇಗ ಹೊರಬೀಳುತ್ತದೆ.

ಈ ಸಪ್ಪಳ ಡಿಸ್ಕ್ ಬ್ರೇಕಿನ ಜೊತೆಯಲ್ಲೇ ಹುಟ್ಟಿದ್ದೆನ್ನಬಹುದು. ೧೯೦೨ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಇದಕ್ಕೆ ಪೇಟೆಂಟು ಪಡೆದಾಗ ಲೋಹದ ಮೇಲೆ ಲೋಹ ಉಜ್ಜಿ ಏಳುತ್ತಿದ್ದ ಕಿರುಚಾಟವೇ ಅದರ ದೊಡ್ಡ ತೊಡಕಾಗಿತ್ತು. ಆಮೇಲೆ ಹರ್ಬರ್ಟ್ ಫ್ರೂಡ್ ಅವರು ಅಸ್ಬೆಸ್ಟಾಸ್ ಹೊದಿಕೆ ಹಾಕಿ ಅದನ್ನು ತಗ್ಗಿಸಿದರು. ೧೯೫೩ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ ಡಿಸ್ಕ್ ಬ್ರೇಕು ತೊಟ್ಟ ಜಾಗ್ವಾರ್ ಗಾಡಿ ಗೆದ್ದ ಮೇಲೆ ಲೋಕವೆಲ್ಲ ಇದರ ಬಲವನ್ನು ಒಪ್ಪಿಕೊಂಡಿತು. ಸಪ್ಪಳವನ್ನು ಪೂರ್ತಿ ಅಡಗಿಸುವುದು ಮಾತ್ರ ಇಂದಿಗೂ ಕಷ್ಟದ ಕೆಲಸವೇ.

ಕಿರುಚು ಹೇಗೆ ಹುಟ್ಟುತ್ತದೆ?

ಪಿಟೀಲಿನ ಕಮಾನು ತಂತಿಯನ್ನು ಹಿಡಿಯುತ್ತದೆ, ಜಾರಿಸುತ್ತದೆ, ಮತ್ತೆ ಹಿಡಿಯುತ್ತದೆ. ತಂತಿ ನಡುಗಿ ನಾದ ಹೊರಡುತ್ತದೆ. ಪ್ಯಾಡು ಡಿಸ್ಕನ್ನು ಹಿಡಿಯುವ ರೀತಿಯೂ ಇದೇ. ಈ ಹಿಡಿ-ಜಾರು ಆಟ ಸೆಕೆಂಡಿಗೆ ಸಾವಿರ ಸಲಕ್ಕೆ ಮೀರಿ ನಡೆದಾಗ ಡಿಸ್ಕು ಗಂಟೆಯಂತೆ ಕಂಪಿಸಿ ಕಿರುಚುತ್ತದೆ. ಕಂಪನ ನಿಧಾನವಾದರೆ ಅದೇ ನರಳಾಟ, ಗುಡುಗು, ಸ್ಟಿಯರಿಂಗಿನ ನಡುಕ. ಅಂದ ಮೇಲೆ ಕಿರುಚಿದ ಬ್ರೇಕೆಲ್ಲ ಕೆಟ್ಟ ಬ್ರೇಕಲ್ಲ. ಮೌನವಾಗಿರುವ ಬ್ರೇಕೆಲ್ಲ ಒಳ್ಳೆಯದೂ ಅಲ್ಲ. ಸದ್ದಿಲ್ಲದೆ ಎಣ್ಣೆ ಸೋರುವ ಬ್ರೇಕು ಕೂಗುವ ಬ್ರೇಕಿಗಿಂತ ಸಾವಿರ ಪಾಲು ಅಪಾಯ.

ಮೊದಲು ಕೇಳಬೇಕಾದ ಪ್ರಶ್ನೆ

ಸಪ್ಪಳದ ವಿಚಾರಕ್ಕೆ ಹೋಗುವ ಮೊದಲು ಗಾಡಿ ನಿಲ್ಲುತ್ತದೆಯೇ ಎಂಬುದನ್ನು ನೋಡತಕ್ಕದ್ದು. ಪೆಡಲು ಮೆತ್ತಗಾಗಿ ಕೆಳಕ್ಕೆ ಇಳಿಯುತ್ತಿದ್ದರೆ, ಬ್ರೇಕು ಹಾಕಿದಾಗ ಗಾಡಿ ಒಂದು ಬದಿಗೆ ಎಳೆದರೆ, ಡಬ್ಬಿಯಲ್ಲಿ ಬ್ರೇಕ್ ಎಣ್ಣೆ ಇಳಿದಿದ್ದರೆ, ಗಾಲಿಯಿಂದ ಸುಟ್ಟ ವಾಸನೆ ಅಥವಾ ಹೊಗೆ ಬಂದರೆ, ಲೋಹ ಲೋಹವನ್ನು ತಿನ್ನುವ ಗರಗರ ಶಬ್ದ ಕೇಳಿದರೆ ಗಾಡಿಯನ್ನು ಅಲ್ಲಿಯೇ ನಿಲ್ಲಿಸಬೇಕು. 'ಸಾಯಂಕಾಲ ನೋಡೋಣ' ಎಂದು ಯಜಮಾನರು ಹೇಳಿದರೂ ಓಡಿಸಬಾರದು. ಸ್ಟಿಯರಿಂಗ್ ಹಿಡಿದವನ ಕೈಯಲ್ಲಿ ತನ್ನ ಜೀವವಷ್ಟೇ ಅಲ್ಲ, ದಾರಿ ದಾಟುವ ಶಾಲೆಯ ಮಕ್ಕಳ ಜೀವವೂ ಇರುತ್ತದೆ.

ಇವು ಯಾವುವೂ ಇಲ್ಲದಿದ್ದರೆ ಸಮಾಧಾನದಿಂದ ಐದು ಪ್ರಶ್ನೆ ಕೇಳಿಕೊಂಡು, ಉತ್ತರವನ್ನು ಚೀಟಿಯಲ್ಲಿ ಬರೆಯಿರಿ. ಸಪ್ಪಳ ಬ್ರೇಕು ಒತ್ತಿದಾಗಲೋ, ಒತ್ತದಿರುವಾಗಲೋ? ಬೆಳಗ್ಗೆ ತಣ್ಣಗಿದ್ದಾಗಲೋ, ಕಾದ ಮೇಲೋ? ವೇಗ ಏರಿದಂತೆ ಅದರ ಸ್ವರವೂ ಏರುವುದೋ? ತಿರುವಿನಲ್ಲಿ ಬದಲಾಗುವುದೋ? ಯಾವ ಗಾಲಿಯಿಂದ ಬರುತ್ತದೆ? ಕಡೆಯದನ್ನು ತಿಳಿಯಲು ನಿಮ್ಮ ಜೊತೆಗಾರನೊಬ್ಬನನ್ನು ಹೊರಗೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಗೋಡೆಯ ಪಕ್ಕದಲ್ಲಿ ಗಾಡಿಯನ್ನು ಮೆಲ್ಲಗೆ ಓಡಿಸಿರಿ. ಗೋಡೆ ಶಬ್ದವನ್ನು ಹಿಂದಿರುಗಿಸುವುದರಿಂದ ಯಾವ ಬದಿಯದೆಂಬುದು ಸ್ಪಷ್ಟವಾಗುತ್ತದೆ.

ಸಪ್ಪಳವೂ ಕಾರಣವೂ

೧. ಬೆಳಗ್ಗೆ ಮೊದಲ ಎರಡು ಮೂರು ಸಲ ಮಾತ್ರ ಕರಕರ: ಇದು ತುಕ್ಕು. ನಮ್ಮ ಊರಿನ ಉಪ್ಪುಗಾಳಿಗೂ ಮಳೆಗಾಲದ ತೇವಕ್ಕೂ ಬರಿಮೈಯ ಎರಕದ ಕಬ್ಬಿಣದ ಡಿಸ್ಕು ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ. ಪ್ಯಾಡು ಅದನ್ನು ಒರೆಸಿಹಾಕಿದೊಡನೆ ಸದ್ದು ನಿಲ್ಲುತ್ತದೆ. ಚಿಂತೆ ಬೇಡ.

೨. ಹಾಕಿಸಿದ ದಿನದಿಂದಲೇ, ಮೆಲ್ಲಗೆ ಒತ್ತಿದಾಗ ಕಿರುಚು: ಹೆಚ್ಚಿನ ಸಲ ಇದು ಪಳಗದ ಬ್ರೇಕು. ಹೊಸ ಎತ್ತನ್ನು ಪಳಗಿಸದೆ ನೊಗಕ್ಕೆ ಕಟ್ಟಿದಂತೆ. ಪ್ಯಾಡಿನ ವಸ್ತು ತೆಳುವಾಗಿ ಡಿಸ್ಕಿನ ಮೇಲೆ ಸಮನಾಗಿ ಕೂತ ಮೇಲೆಯೇ ಹಿಡಿತ ಸರಿಯಾಗುವುದು. ಇದಕ್ಕೆ ಗಂಟೆಗೆ ಐವತ್ತು ಕಿಲೋಮೀಟರು ವೇಗದಿಂದ ಹತ್ತಕ್ಕೆ, ಪೂರ್ತಿ ನಿಲ್ಲಿಸದೆ, ಹದವಾಗಿ ಎಂಟು ಹತ್ತು ಸಲ ಇಳಿಸಿ, ಬಳಿಕ ಕೆಲವು ಕಿಲೋಮೀಟರು ಬ್ರೇಕು ಮುಟ್ಟದೆ ಓಡಿಸಿ ಆರಿಸುವುದು ಸಾಮಾನ್ಯ ಕ್ರಮ. ಪ್ಯಾಡಿನ ತಯಾರಕರ ಚೀಟಿಯಲ್ಲಿ ಬೇರೆ ಕ್ರಮವಿದ್ದರೆ ಅದನ್ನೇ ಅನುಸರಿಸಬೇಕು. ಹಿಂದೆ ಮುಂದೆ ಗಾಡಿಯಿಲ್ಲದ, ಜನರಿಲ್ಲದ ನೇರ ರಸ್ತೆ ಸಿಕ್ಕಾಗ ಮಾತ್ರ ಇದನ್ನು ಮಾಡತಕ್ಕದ್ದು. ಗ್ಯಾರೇಜಿನಿಂದ ಹೊರಟು ನೇರ ಸಾಯನ್ ಸಿಗ್ನಲಿನ ಜಂಗುಳಿಗೆ ನುಗ್ಗಿದ ಬ್ರೇಕು ಪಳಗುವ ಬಗೆ ಹೇಗೆ? ಕಾದ ಬ್ರೇಕನ್ನು ಸಿಗ್ನಲಿನಲ್ಲಿ ಒತ್ತಿಹಿಡಿದರೆ ಪ್ಯಾಡಿನ ಅಚ್ಚು ಡಿಸ್ಕಿನ ಒಂದೇ ಕಡೆ ಕೂತು, ಮುಂದೆ ನಡುಕಕ್ಕೆ ಕಾರಣವಾಗುತ್ತದೆ.

೩. ತಣ್ಣಗಿದ್ದಾಗ ಕೂಗು, ಕಾದ ಮೇಲೆ ಮೌನ: ಪಂದ್ಯದ ಪ್ಯಾಡನ್ನು ಪೇಟೆಯ ಗಾಡಿಗೆ ಹಾಕಿದ ಲಕ್ಷಣ. ಲೋಹದ ಅಂಶ ಹೆಚ್ಚಿರುವ ಆ ಪ್ಯಾಡು ಹೆಚ್ಚು ಕಾವಿಗಾಗಿ ಮಾಡಿದ್ದು. ದಾದರದಿಂದ ಅಂಧೇರಿಗೆ ತೆವಳುವ ಗಾಡಿಯಲ್ಲಿ ಅದು ಕಾಯುವುದೇ ಇಲ್ಲ. ತಣ್ಣಗಿರುವಾಗ ಅದರ ಹಿಡಿತವೂ ಕಡಿಮೆ. ಇಲ್ಲಿ ದುರಸ್ತಿ ಮಾಡಲು ಏನೂ ಇಲ್ಲ. ಪೇಟೆಗೆ ತಕ್ಕ ಪ್ಯಾಡು ಹಾಕುವುದೇ ಮದ್ದು.

೪. ಪ್ಯಾಡು ಒಳ್ಳೆಯದು, ಪಳಗಿಸಿದ್ದೂ ಆಗಿದೆ, ಆದರೂ ಕಿರುಚು: ಪ್ಯಾಡಿನ ಬೆನ್ನನ್ನು ನೋಡಿರಿ. ಅಲ್ಲಿ ಕಂಪನ ಹೀರುವ ಶಿಮ್ ಎಂಬ ತೆಳು ತಗಡು ಇರಬೇಕು, ಪ್ಯಾಡು ಕುಣಿಯದಂತೆ ಹಿಡಿಯುವ ಕ್ಲಿಪ್ಪುಗಳಿರಬೇಕು. ಹಳೆಯದನ್ನು ಬಿಚ್ಚುವಾಗ ಇವು ಕಸದ ಡಬ್ಬಿ ಸೇರುವುದು ಅಪರೂಪವಲ್ಲ. ಕ್ಯಾಲಿಪರ್ ಜಾರುವ ಪಿನ್ನುಗಳು ಒಣಗಿದ್ದರೂ ಇದೇ ಫಲ. ಅಲ್ಲಿಗೆ ಬ್ರೇಕಿಗೆಂದೇ ಮಾಡಿದ, ಕಾವು ತಾಳುವ ಗ್ರೀಸನ್ನು ತೆಳುವಾಗಿ ಹಚ್ಚಬೇಕು. ಸಾಮಾನ್ಯ ಗ್ರೀಸು ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ.

೫. ಬ್ರೇಕು ಒತ್ತದಿದ್ದರೂ ಚರಚರ: ದೊಡ್ಡ ಡಿಸ್ಕು ಹಾಕಿದಾಗ ಅದರ ಹಿಂದಿನ ಧೂಳು ತಡೆಯುವ ತಗಡು ತಾಗುತ್ತದೆ, ಇಲ್ಲವೇ ನಡುವೆ ಜಲ್ಲಿಕಲ್ಲು ಸಿಕ್ಕಿರುತ್ತದೆ. ತಗಡನ್ನು ಕೈಯಿಂದ ತುಸು ಹಿಂದಕ್ಕೆ ಬಗ್ಗಿಸಿದರೆ ಆಯಿತು. ಆದರೆ ಕ್ಯಾಲಿಪರ್ ಸ್ವತಃ ಗಾಲಿಯ ಒಳಮೈಗೆ ತಾಗುತ್ತಿದ್ದರೆ ಅದು ಅಪಾಯ. ಆ ಗಾಲಿ ಆ ಬ್ರೇಕಿಗೆ ಹೊಂದುವುದಿಲ್ಲ. ತಿರುವಿನಲ್ಲಿ ಏರಿಳಿಯುವ ಗುಂಯ್‌ಗುಡುವಿಕೆ ಬ್ರೇಕಿನದಲ್ಲ, ಗಾಲಿಯ ಬೇರಿಂಗಿನದಾಗಿರಬಹುದು.

೬. ಒತ್ತಿದಾಗ ವೇಗಕ್ಕೆ ತಕ್ಕಂತೆ ಏರಿಳಿಯುವ ಭರ್ರೆಂಬ ಸದ್ದು: ಡಿಸ್ಕಿನಲ್ಲಿ ಗೀರುಗಳನ್ನೋ ತೂತುಗಳನ್ನೋ ಕೊರೆದಿದ್ದರೆ ಇದು ಅದರ ಸ್ವಭಾವ. ಆದರೂ ತೂತುಗಳ ಸುತ್ತ ಬಿರುಕು ಬಿಟ್ಟಿದೆಯೇ ಎಂದು ಆಗಾಗ ನೋಡುತ್ತಿರಬೇಕು.

೭. ಒತ್ತಿದೊಡನೆ ಒಂದೇ ಸಲ 'ಟಕ್': ಪ್ಯಾಡು ತನ್ನ ಜಾಗದಲ್ಲಿ ಸಡಿಲವಿದೆ, ಅಥವಾ ಕ್ಯಾಲಿಪರಿನ ಬೋಲ್ಟು ಬಿಗಿಯಾಗಿಲ್ಲ. ಎರಡನೆಯದು ಪ್ರಾಣಾಪಾಯ. ಬೋಲ್ಟುಗಳನ್ನು ಅಂದಾಜಿನಿಂದ ಬಿಗಿಯದೆ, ಬಿಗಿತ ಅಳೆಯುವ ಪಾನಾದಿಂದ ತಯಾರಕರು ಹೇಳಿದಷ್ಟೇ ಬಿಗಿಯಬೇಕು.

೮. ಸ್ಟಿಯರಿಂಗಿನ ನಡುಕ: ಡಿಸ್ಕು ಕೂರುವ ಜಾಗದಲ್ಲಿ ತುಕ್ಕಿನ ಪದರ ಉಳಿದಿದ್ದರೆ ಹೊಸ ಡಿಸ್ಕೂ ಓರೆಯಾಗಿಯೇ ತಿರುಗುತ್ತದೆ. ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಓರೆಯೂ ಕಾಲಿಗೆ ತಿಳಿಯುತ್ತದೆ. ತುಕ್ಕನ್ನು ಉಜ್ಜಿ ತೆಗೆದು, ಡಿಸ್ಕನ್ನು ಮತ್ತೆ ಕೂರಿಸಿ ಅಳೆಯಬೇಕು.

೯. ಕೆಲವು ತಿಂಗಳ ನಂತರ ತಾನಾಗಿ ಎದ್ದ ತೀಕ್ಷ್ಣ ಕೂಗು: ಹಲವು ಪ್ಯಾಡುಗಳಲ್ಲಿ ಸವೆತವನ್ನು ಸಾರಲೆಂದೇ ಒಂದು ಉಕ್ಕಿನ ನಾಲಿಗೆ ಇರುತ್ತದೆ. ಪ್ಯಾಡು ಎರಡು ಮೂರು ಮಿಲಿಮೀಟರಿಗೆ ಇಳಿದಾಗ ಅದು ಡಿಸ್ಕನ್ನು ಮುಟ್ಟಿ ಕೂಗುತ್ತದೆ. ಅದು ಬೇಡುವುದು ಹೊಸ ಪ್ಯಾಡನ್ನು.

ಮಾಡಬಾರದ ಮದ್ದುಗಳು

ಕಿರುಚು ನಿಲ್ಲಿಸಲು ಡಿಸ್ಕಿಗೆ ಎಣ್ಣೆಯ ಹನಿ ಬಿಡುವ ಬುದ್ಧಿವಂತರಿದ್ದಾರೆ. ಎಣ್ಣೆ ಹಾಕಿದರೆ ಸದ್ದು ನಿಲ್ಲುವುದು ನಿಜ, ಗಾಡಿ ನಿಲ್ಲುವುದಿಲ್ಲ. ಎಣ್ಣೆ ಕುಡಿದ ಪ್ಯಾಡನ್ನು ತೊಳೆದು ಬಳಸುವುದೂ ಬೇಡ, ಬದಲಿಸಿಬಿಡಬೇಕು. ಕಾದ ಡಿಸ್ಕಿಗೆ ತಣ್ಣೀರು ಎರಚಬೇಡಿ. ಅದು ಸೊಟ್ಟಗಾದೀತು, ಬಿರುಕು ಬಿಟ್ಟೀತು. ಗಾಡಿ ತೊಳೆಯುವ ಹುಡುಗರಿಗೂ ಈ ಮಾತು ತಿಳಿದಿರಲಿ. ಬರೀ ಜಾಕನ್ನು ನಂಬಿ ಗಾಡಿಯಡಿ ತಲೆ ಹಾಕಬೇಡಿ. ಗಟ್ಟಿ ನೆಲದ ಮೇಲೆ ಸ್ಟ್ಯಾಂಡು ಕೊಟ್ಟು, ಉಳಿದ ಗಾಲಿಗಳಿಗೆ ಅಡ್ಡಗಲ್ಲಿಡಿ.

ಇನ್ನೊಂದು ಮಾತನ್ನು ಗ್ಯಾರೇಜಿನ ಕಿರಿಯ ಬಂಧುಗಳಿಗೆ ಒತ್ತಿ ಹೇಳುತ್ತೇವೆ. ಬ್ರೇಕಿನ ಧೂಳನ್ನು ಬಾಯಿಂದಾಗಲಿ ಗಾಳಿಯ ಪೈಪಿನಿಂದಾಗಲಿ ಊದಬೇಡಿ. ಲ್ಯಾಂಚೆಸ್ಟರನ ಕಿರುಚಾಟವನ್ನು ತಗ್ಗಿಸಿದ ಅದೇ ಅಸ್ಬೆಸ್ಟಾಸ್ ಉಸಿರಿನೊಡನೆ ಒಳಹೊಕ್ಕರೆ ಹಲವು ವರ್ಷಗಳ ಬಳಿಕ ಶ್ವಾಸಕೋಶವನ್ನು ಕೆಡಿಸುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ. ಈಗಿನ ಅನೇಕ ಪ್ಯಾಡುಗಳಲ್ಲಿ ಅದಿಲ್ಲ. ಆದರೆ ಕೈಗೆ ಬಂದ ಹಳೆಯ ಪ್ಯಾಡಿನಲ್ಲಿ ಏನಿದೆಯೆಂದು ಕಣ್ಣಿನಿಂದ ತಿಳಿಯದು. ಒದ್ದೆ ಬಟ್ಟೆಯಿಂದಲೋ ಬ್ರೇಕ್ ತೊಳೆಯುವ ದ್ರವದಿಂದಲೋ ಒರೆಸಿರಿ. ತಕ್ಕ ಮುಖಕವಚ ಧರಿಸಿರಿ. ದಿನದ ಕೂಲಿಗಾಗಿ ಆಯುಸ್ಸನ್ನು ತೆರುವ ಅಗತ್ಯವಿಲ್ಲ.

ಕಾಯಿದೆಯ ಮಾತೂ ಒಂದಿದೆ. ನೋಂದಣಿ ಪತ್ರದ ವಿವರಗಳು ತಯಾರಕರು ಮೊದಲು ನಮೂದಿಸಿದ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವುದನ್ನು ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ನಿಷೇಧಿಸುತ್ತದೆ. ಆದುದರಿಂದ ಏನನ್ನು ಹಾಕಿಸುತ್ತೇವೆ, ಅದು ಆ ಗಾಡಿಗೆ ಒಪ್ಪಿತವೇ ಎಂಬುದನ್ನು ಒಡೆಯರು ಮೊದಲೇ ವಿಚಾರಿಸುವುದು ಲೇಸು. ಬಿಲ್ಲು ಬರೆಯುವ ಗುಮಾಸ್ತರು ಪ್ಯಾಡಿನ ಹೆಸರು, ಡಿಸ್ಕಿನ ಅಳತೆ, ಹಾಕಿದ ತಾರೀಖು, ಆಗಿನ ಕಿಲೋಮೀಟರು ಇಷ್ಟನ್ನೂ ನಮೂದಿಸಿದರೆ ನಾಳೆ ತಕರಾರು ಬಂದಾಗ ಆ ಕಾಗದವೇ ಸಾಕ್ಷಿ ಹೇಳುತ್ತದೆ.

ಡ್ರೈವರ ಬಂಧುಗಳಿಗೂ ನಮ್ಮ ಸೂಚನೆ ಇದೇ. ಕಿಸೆಯಲ್ಲಿ ಒಂದು ಸಣ್ಣ ವಹಿ ಇರಲಿ. ಸಪ್ಪಳ ಕೇಳಿದ ದಿನ, ಹೊತ್ತು, ವೇಗ, ಗಾಲಿ, ಬ್ರೇಕು ಒತ್ತಿದ್ದೋ ಇಲ್ಲವೋ ಎಂಬುದನ್ನು ಎರಡು ಸಾಲಿನಲ್ಲಿ ಬರೆದು, ಅದೇ ದಿನ ಯಜಮಾನರಿಗೆ ತೋರಿಸಿರಿ. 'ಏನೋ ಸದ್ದು ಬರುತ್ತದೆ ಸಾಹೇಬರೇ' ಎಂದರೆ ಯಾರೂ ಕಿವಿಗೊಡುವುದಿಲ್ಲ. 'ಮುಂದಿನ ಎಡಗಾಲಿಯಲ್ಲಿ, ಬ್ರೇಕು ಒತ್ತಿದೊಡನೆ ಟಕ್ಕೆನ್ನುತ್ತದೆ, ಬೋಲ್ಟು ನೋಡಿಸಬೇಕು' ಎಂದರೆ ಕೇಳದೆ ವಿಧಿಯಿಲ್ಲ.