ಹಿಮ್ಮುಖ ಚಿತ್ರದ ಸಾಧನ ಮತ್ತು ಅದರ ಕೈಪಿಡಿ

ಕಾಲವು ಹಿಂದಕ್ಕೆ ಸರಿಯದೆಂಬುದು ಎಲ್ಲರೂ ಬಲ್ಲ ಮಾತು. ಒಡೆದ ಮಡಕೆ ಕೂಡುವುದಿಲ್ಲ; ಸೀಳಿದ ಶಹಾಬಾದಿ ಕಲ್ಲು ಮತ್ತೆ ಒಂದಾಗುವುದಿಲ್ಲ. ಆದರೆ ತೆರೆಯ ಮೇಲೆ ಇದೂ ಸಾಧ್ಯವೆಂಬುದನ್ನು ಫ್ರಾನ್ಸಿನ ಲೂಮಿಯೇರ್ ಸಹೋದರರು 1896ರಷ್ಟು ಹಿಂದೆಯೇ ತೋರಿಸಿಕೊಟ್ಟರು. ಗೋಡೆಯೊಂದನ್ನು ಕೆಡಹುವ ಅವರ ಚಿತ್ರವನ್ನು ಯಂತ್ರದಲ್ಲಿ ಹಿಂದುಮುಂದಾಗಿ ತಿರುಗಿಸಿದಾಗ, ಧೂಳಿನೊಳಗಿಂದ ಗೋಡೆ ತಾನಾಗಿ ಎದ್ದು ನಿಂತಿತು. ನೋಡಿದವರು ಬೆರಗಾದರು. ಇಂದು ಅದೇ ಬೆರಗು ನಮ್ಮ ಅಂಗೈಯ ಮೊಬೈಲಿನಲ್ಲಿದೆ.

ನಮ್ಮ ಗೆಳೆಯರ ಗುಂಪಿನಲ್ಲೊಬ್ಬನು ಇಂಥದೊಂದು ಚಿಕ್ಕ ಸಾಧನವನ್ನು ಸಿದ್ಧಪಡಿಸಿದ್ದಾನೆ. ಒಂದು ಫೋಲ್ಡರಿನಲ್ಲಿ ವಿಡಿಯೊ ತುಣುಕುಗಳನ್ನು ಇಟ್ಟರಾಯಿತು, ಅವೆಲ್ಲವೂ ಒಂದಾದಮೇಲೊಂದರಂತೆ ಹಿಮ್ಮುಖವಾಗಿ ಇನ್ನೊಂದು ಫೋಲ್ಡರಿಗೆ ಬಂದು ಸೇರುವುವು. ಅದರ ಕೈಪಿಡಿಯನ್ನು ಕನ್ನಡದಲ್ಲಿ ಬರೆಯುವ ಹೊಣೆ ನನ್ನದಾಯಿತು. ಆ ಕೆಲಸದಲ್ಲಿ ತಿಳಿದುಬಂದ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಸಾಧನದ ಕಾರ್ಯವನ್ನು ನೋಡೋಣ. ಇದರ ಒಳಗೆ ದುಡಿಯುವುದು ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ. ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್ ಎಂಬವರು 2000ದಲ್ಲಿ ಇದನ್ನು ಆರಂಭಿಸಿದರು. ಚಿತ್ರವನ್ನು ತಿರುಗಿಸಲು ಇದರಲ್ಲಿ 'ರಿವರ್ಸ್' ಎಂಬ ಆಜ್ಞೆಯುಂಟು. ಧ್ವನಿಗೆ ಬೇರೆಯೇ ಆದ 'ಎ-ರಿವರ್ಸ್' ಎಂಬುದುಂಟು. ಎರಡನೆಯದನ್ನು ಮರೆತರೆ ಚಿತ್ರ ಹಿಂದಕ್ಕೆ, ಮಾತು ಮುಂದಕ್ಕೆ ನಡೆಯುವುದು.

ಹಳೆಯ ಫಿಲ್ಮಿನ ಸುರುಳಿಯಲ್ಲಿ ಪ್ರತಿಯೊಂದು ಚಿತ್ರವೂ ಪೂರ್ಣವಾಗಿರುತ್ತಿತ್ತು; ಸುರುಳಿಯನ್ನು ತಿರುಗಿಸಿದರೆ ಸಾಕಾಗಿತ್ತು. ಇಂದಿನ ವಿಡಿಯೊ ಹಾಗಲ್ಲ. ಜಾಗ ಉಳಿಸುವುದಕ್ಕಾಗಿ ಅದರಲ್ಲಿ ಆಗೊಮ್ಮೆ ಈಗೊಮ್ಮೆ ಮಾತ್ರ ಪೂರ್ಣಚಿತ್ರವಿದ್ದು, ನಡುವಿನವುಗಳಲ್ಲಿ ಹೆಚ್ಚಾಗಿ ಬದಲಾದ ಅಂಶವಷ್ಟೇ ಇರುವುದು. ಆದುದರಿಂದ ಕಡೆಯ ಚಿತ್ರವನ್ನು ಮೊದಲು ತೋರಿಸಬೇಕಾದರೆ, ಅದಕ್ಕೆ ಆಧಾರವಾದ ಹಿಂದಿನವುಗಳನ್ನು ಬಿಡಿಸಿಕೊಳ್ಳಲೇಬೇಕು. ರಿವರ್ಸ್ ಆಜ್ಞೆಯು ಇಡೀ ತುಣುಕನ್ನೇ ಬಿಡಿಸಿ ಕಂಪ್ಯೂಟರಿನ ಸ್ಮೃತಿಯಲ್ಲಿ ತುಂಬಿಕೊಂಡು, ಬಳಿಕ ಕೊನೆಯಿಂದ ಹೊರಗೆ ಕೊಡುವುದು.

ಇದರ ಭಾರವೆಷ್ಟೆಂದು ಲೆಕ್ಕ ಹಾಕಬಹುದು. ಅಗಲದಲ್ಲಿ 1920, ಎತ್ತರದಲ್ಲಿ 1080 ಚುಕ್ಕೆಗಳುಳ್ಳ ಒಂದು ಚಿತ್ರವು, ಬಿಡಿಸಿದ ಮೇಲೆ ಸಾಮಾನ್ಯ ಕ್ರಮದಲ್ಲಿ ಸುಮಾರು 31 ಲಕ್ಷ ಬೈಟುಗಳಾಗುವುದು. ಸೆಕೆಂಡಿಗೆ 30 ಚಿತ್ರಗಳಂತೆ 10 ಸೆಕೆಂಡಿಗೆ 300 ಚಿತ್ರಗಳು, ಅಂದರೆ ಸುಮಾರು 93 ಕೋಟಿ ಬೈಟುಗಳು. ಒಂದು ನಿಮಿಷಕ್ಕೆ ಇದರ ಆರರಷ್ಟು, ಅಂದರೆ ಐದೂವರೆ ಗಿಗಾಬೈಟಿಗೂ ಮೇಲು. 4 ಗಿಗಾಬೈಟ್ ಸ್ಮೃತಿಯ ಕಂಪ್ಯೂಟರು ಇಲ್ಲಿ ಕೈಚೆಲ್ಲುವುದು ಸಹಜ. ಆದುದರಿಂದ ಉದ್ದನೆಯ ವಿಡಿಯೊವನ್ನು ಹತ್ತು ಹತ್ತು ಸೆಕೆಂಡುಗಳ ತುಂಡು ಮಾಡಿ, ಒಂದೊಂದನ್ನೂ ತಿರುಗಿಸಿ, ಕೊನೆಯ ತುಂಡು ಮೊದಲು ಬರುವಂತೆ ಜೋಡಿಸಬೇಕು. ನಮ್ಮ ಸಾಧನವು ಇದನ್ನು ತಾನೇ ಮಾಡುವುದು.

ಧ್ವನಿಯ ವಿಷಯವಂತೂ ಇನ್ನೂ ಸ್ವಾರಸ್ಯ. 'ಸನ್ನತಿ' ಎಂಬುದನ್ನು ಅಕ್ಷರ ತಿರುಗಿಸಿ ಓದಿದರೆ 'ತಿನ್ನಸ' ಎಂದಾಗುವುದು. ಯಂತ್ರವು ಅಕ್ಷರವನ್ನು ಅರಿಯದು, ಧ್ವನಿಯನ್ನು ಮಾತ್ರ ಅರಿಯುವುದು. ಅದರ ಬಾಯಲ್ಲಿ ಇದು ಹೆಚ್ಚುಕಡಿಮೆ 'ಇತನ್ನಸ್' ಎಂದು ಕೇಳಿಸುವುದು. ನಮ್ಮ ವ್ಯಾಕರಣದ ಸ್ವರ ವ್ಯಂಜನಗಳ ವಿಂಗಡಣೆಗೆ ಇದಕ್ಕಿಂತ ಸುಲಭವಾದ ಪ್ರಯೋಗ ಬೇಕೆ?

ಇಷ್ಟೆಲ್ಲ ಯಂತ್ರವೇ ಮಾಡುವುದಾದರೆ ಕೈಪಿಡಿಯೇಕೆಂದು ಮಿತ್ರರು ಕೇಳಿದರು. ಇದಕ್ಕೆ ಉತ್ತರ ನಮ್ಮ ಸೀಮೆಯಲ್ಲಿಯೇ ಇದೆ. ಭೀಮಾ ತೀರದ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಗುಡಿಯಲ್ಲಿ, 1980ರ ದಶಕದಲ್ಲಿ ಅಶೋಕನ ಶಾಸನವುಳ್ಳ ಕಲ್ಲು ಬೆಳಕಿಗೆ ಬಂದಿತು. ಅದು ಮೂರ್ತಿಗೆ ಪೀಠವಾಗಿತ್ತು. ಮೂರ್ತಿಯನ್ನು ನಿಲ್ಲಿಸಲು ಅಕ್ಷರಗಳ ನಡುವೆಯೇ ಕುಳಿ ಕೊರೆದಿದ್ದರು. ಕೊರೆದವರನ್ನು ದೂರುವಂತಿಲ್ಲ. ಬ್ರಾಹ್ಮೀ ಲಿಪಿಯನ್ನು ಓದಬಲ್ಲವರು ಆಗ ಯಾರೂ ಇರಲಿಲ್ಲ. ಓದುವವರಿಲ್ಲದ ಬರಹವು ಬರಿಯ ಕಲ್ಲೇ ಸರಿ.

ಆ ಕಲ್ಲಿನ ಮೇಲಿರುವುದಾದರೂ ಏನು? ಅಧಿಕಾರಿಗಳು ಹೇಗೆ ನಡೆದುಕೊಳ್ಳಬೇಕೆಂಬ ವಿಧಿಗಳು ಒಂದು ಕಡೆ. ಅವನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಓದಿ ಕೇಳಿಸಬೇಕೆಂಬುದು ಅಶೋಕನ ಕಟ್ಟಳೆ. ಇನ್ನೊಂದು ಕಡೆಯಲ್ಲಿ ಹದಿನಾಲ್ಕನೆಯ ಶಾಸನದ ಭಾಗವಿದೆ. ಈ ಶಾಸನವು ಬರಹವನ್ನು ಕುರಿತೇ ಬರೆದುದು. ಕೆಲವೆಡೆ ಸಂಕ್ಷೇಪವಾಗಿ, ಕೆಲವೆಡೆ ಮಧ್ಯಮವಾಗಿ, ಕೆಲವೆಡೆ ವಿಸ್ತಾರವಾಗಿ ಬರೆಸಿದ್ದುಂಟು. ಜನರು ನಡೆಯಲೆಂದು ಕೆಲವನ್ನು ಮತ್ತೆ ಮತ್ತೆ ಹೇಳಿದ್ದುಂಟು. ಲಿಪಿಕಾರನ ತಪ್ಪೂ ನುಸುಳಿರಬಹುದು ಎಂಬುದು ಅದರ ತಾತ್ಪರ್ಯ. ಕೈಪಿಡಿ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಾಣಲಿಲ್ಲ. ಎಫ್‌ಎಫ್‌ಎಂಪೆಗ್‌ನ ಸ್ವಂತ ಕೈಪಿಡಿಯಲ್ಲಿಯೂ ಸ್ಮೃತಿಯ ಎಚ್ಚರಿಕೆ ಒಂದು ಸಾಲಿನಲ್ಲಿದೆ, ಆದರೆ ಇಂಗ್ಲಿಷಿನಲ್ಲಿದೆ. ಸೇಡಮ್ಮಿನಿಂದಲೋ ಚಿಂಚೋಳಿಯಿಂದಲೋ ಬಂದ ಹೊಸ ವಿದ್ಯಾರ್ಥಿಗೆ ಅದು ಪೀಠದ ಕಲ್ಲಿನಂತೆಯೇ ಅಲ್ಲವೆ? ಸಾಧನ ಮಾಡಿದ ಗೆಳೆಯನು ಪದವಿ ಪಡೆದು ಹೊರಟುಹೋಗುವನು, ಉಳಿಯುವುದು ಬರಹವೊಂದೇ.

ಇನ್ನು ಎಲ್ಲಕ್ಕೂ ಮಿಗಿಲಾದ ವಿಷಯ. ಬಿದ್ದ ಗೋಡೆ ಎದ್ದರೆ ಎಲ್ಲರಿಗೂ ತಿಳಿಯುವುದು. ಆದರೆ ಸನ್ನತಿಯ ಬಳಿಯ ಕನಗನಹಳ್ಳಿ ಸ್ತೂಪದ ಸುತ್ತ, ಪ್ರದಕ್ಷಿಣೆಯ ಕ್ರಮದಲ್ಲಿ, ಶಿಲಾಫಲಕಗಳನ್ನು ಮಾತ್ರ ತೋರಿಸುತ್ತ ಸಾಗಿದ ವಿಡಿಯೊವನ್ನು ಹಿಮ್ಮುಖ ಮಾಡಿದರೆ? ಅದರಲ್ಲಿ ನಡೆಯುವ ಮನುಷ್ಯನಿಲ್ಲ, ಬೀಳುವ ವಸ್ತುವಿಲ್ಲ. ನೋಡುವವನಿಗೆ ಅದು ಅಪ್ರದಕ್ಷಿಣೆಯಾಗಿ ನಡೆದು ತೆಗೆದ ನಿಜವಾದ ಚಿತ್ರದಂತೆಯೇ ಕಾಣುವುದು. ಫಲಕಗಳ ಅನುಕ್ರಮವೇ ತಲೆಕೆಳಗಾಗುವುದು. ಮುಂದೆ ಯಾರಾದರೂ ಅದನ್ನು ದಾಖಲೆಯೆಂದು ನಂಬಿದರೆ ಇತಿಹಾಸಕ್ಕೆ ಅಪಚಾರವಾಗುವುದು.

ಆದುದರಿಂದ ಕೈಪಿಡಿಯ ಮೊದಲ ಪುಟದಲ್ಲಿಯೇ ಮೂರು ನಿಯಮಗಳನ್ನು ಬರೆದಿದ್ದೇನೆ. ಮೂಲ ವಿಡಿಯೊವನ್ನು ಎಂದಿಗೂ ಅಳಿಸಬಾರದು. ತಿರುಗಿಸಿದ ಪ್ರತಿಯ ಹೆಸರಿನಲ್ಲಿ 'ಹಿಮ್ಮುಖ' ಎಂಬ ಪದ ಇರಲೇಬೇಕು. ಯಾರು, ಎಂದು, ಏತಕ್ಕಾಗಿ ತಿರುಗಿಸಿದರೆಂಬುದನ್ನು ಒಂದು ಸಾಲಿನಲ್ಲಿ ಬರೆದಿಡಬೇಕು. ಮೊದಲನೆಯದನ್ನು ಕೊನೆಯ ಪುಟದಲ್ಲಿ ಮತ್ತೊಮ್ಮೆ ಹೇಳಿದ್ದೇನೆ. ಅದಕ್ಕೆ ಅಶೋಕನ ಮೇಲ್ಪಂಕ್ತಿಯುಂಟು.

ಯಂತ್ರಗಳು ದಿನದಿನಕ್ಕೆ ಚುರುಕಾಗುತ್ತಿವೆ. ಅವುಗಳ ಬಳಕೆಯನ್ನು ನಮ್ಮವರಿಗೆ ನಮ್ಮ ನುಡಿಯಲ್ಲಿ ತಿಳಿಯಹೇಳುವ ಕೆಲಸ ಮಾತ್ರ ಕಲಾವಿಭಾಗದ ವಿದ್ಯಾರ್ಥಿಗಳಾದ ನಮಗೇ ಸಲ್ಲತಕ್ಕದ್ದು. ಕೈಪಿಡಿಯಲ್ಲಿ ಲಿಪಿಕಾರನ ತಪ್ಪುಗಳೇನಾದರೂ ಇದ್ದರೆ ಗುರುಹಿರಿಯರು ತಿದ್ದಿಕೊಡಬೇಕೆಂದೂ, ಮುಂದಿನ ವರ್ಷದ ಮಿತ್ರರು ಅದನ್ನು ಬೆಳೆಸಬೇಕೆಂದೂ ಪ್ರಾರ್ಥಿಸುತ್ತೇನೆ.