ಪಾಯಸಕ್ಕೂ ಪಲಾವಿಗೂ ಒಂದೇ ಎಲೆ

ನಮ್ಮ ಅಡಿಗೆಮನೆಯ ಸಾಂಬಾರ ಪದಾರ್ಥಗಳಲ್ಲಿ ವಿಚಿತ್ರವಾದ ವಸ್ತುವೊಂದುಂಟು. ಅದನ್ನು ಹಣ ಕೊಟ್ಟು ಕೊಂಡು ತರುತ್ತೇವೆ. ಒರೆಸಿ ಪಾತ್ರೆಗೆ ಹಾಕುತ್ತೇವೆ. ಬಡಿಸಿದ ಕೂಡಲೇ ಹೆಕ್ಕಿ ಪಕ್ಕಕ್ಕೆ ಇಡುತ್ತೇವೆ. ಯಾರೂ ತಿನ್ನದ, ಆದರೂ ಬಾಣಸಿಗನು ಬಿಡಲೊಲ್ಲದ ಈ ವಸ್ತುವೇ ಪಲಾವಿನ ಎಲೆ. ತಮಾಲಪತ್ರ, ತೇಜಪತ್ರ ಎಂಬ ಹೆಸರುಗಳೂ ಇದಕ್ಕುಂಟು. ನಮ್ಮಲ್ಲಿ ಕೆಲವರು ಇದನ್ನು ದಾಲ್ಚಿನ್ನಿ ಎಲೆಯೆಂದೂ, ಮತ್ತೆ ಕೆಲವರು ಲವಂಗದೆಲೆಯೆಂದೂ ಕರೆಯುವುದುಂಟು.

ಕನ್ನಡನಾಡಿನ ಮನೆಗಳಲ್ಲಿ ಈ ಎಲೆ ಪಲಾವು, ಸಾಗು, ಕುರ್ಮಗಳಂಥ ಖಾರದ ಅಡಿಗೆಗೇ ಮೀಸಲು. ಆದರೆ ಬಂಗಾಳದವರು ಹಾಲಿನ ಪಾಯಸಕ್ಕೂ ಇದನ್ನೇ ಹಾಕುತ್ತಾರೆ. ಇಂಗ್ಲೆಂಡಿನಲ್ಲಿ ಇದರ ದಾಯಾದಿಯಾದ ಮತ್ತೊಂದು ಎಲೆಯನ್ನು ಮಾಂಸದ ಸಾರಿನಲ್ಲಿಯೂ ಕುದಿಸುವರು, ಹಾಲು ಸಕ್ಕರೆಗಳ ಕಸ್ಟರ್ಡಿನಲ್ಲಿಯೂ ಅದ್ದುವರು. ಸಿಹಿಗೂ ಖಾರಕ್ಕೂ ಹೀಗೆ ಸಮನಾಗಿ ಸಲ್ಲುವ ಗುಣ ಒಂದು ಎಲೆಗೆ ಬಂದುದು ಹೇಗೆ? ಈ ಸಣ್ಣ ಪ್ರಶ್ನೆಯನ್ನು ಬೆನ್ನಟ್ಟಿದರೆ ಶರೀರಶಾಸ್ತ್ರ, ರಸಾಯನಶಾಸ್ತ್ರ, ಸಸ್ಯಶಾಸ್ತ್ರ ಮೂರರ ಬಾಗಿಲನ್ನೂ ತಟ್ಟಬೇಕಾಗುತ್ತದೆ.

ನಾಲಗೆಯ ಕೆಲಸ, ಮೂಗಿನ ಕೆಲಸ

ನಾವು ರುಚಿ ಎಂದು ಕರೆಯುವುದರಲ್ಲಿ ನಾಲಗೆಯ ಪಾಲು ನಾವೆಣಿಸಿದಷ್ಟು ದೊಡ್ಡದಲ್ಲ. ಸಿಹಿ, ಹುಳಿ, ಉಪ್ಪು, ಕಹಿ, ಇವುಗಳ ಜೊತೆಗೆ ಅಣಬೆ, ಮಾಂಸರಸ ಮೊದಲಾದವುಗಳಲ್ಲಿ ಎದ್ದು ಕಾಣುವ ಉಮಾಮಿ, ಇಷ್ಟೇ ಅದರ ಬಂಡವಾಳ. ಮೆಣಸಿನ ಖಾರವಂತೂ ಶಾಸ್ತ್ರರೀತ್ಯಾ ರುಚಿಯೇ ಅಲ್ಲ; ಉರಿ ನೋವುಗಳನ್ನು ತಿಳಿಸುವ ನರಗಳ ಕೂಗು ಅದು. ಉಳಿದುದೆಲ್ಲ ಮೂಗಿನ ಸಂಪಾದನೆ. ಆಹಾರವನ್ನು ಅಗಿಯುವಾಗ ಅದರಿಂದ ಹೊರಟ ಪರಿಮಳದ ಅಣುಗಳು ಗಂಟಲಿನ ಹಿಂಬದಿಯಿಂದ ಮೇಲೇರಿ ಮೂಗಿನ ಒಳಭಾಗವನ್ನು ಸೇರುತ್ತವೆ. ನೆಗಡಿಯಾದಾಗ ಊಟ ಸಪ್ಪೆಯೆನಿಸುವುದು ಇದರಿಂದಲೇ. ಆಗ ಕೆಟ್ಟಿರುವುದು ನಾಲಗೆಯಲ್ಲ, ಮುಚ್ಚಿಹೋಗಿರುವುದು ಮೂಗಿನ ದಾರಿ.

ಪಲಾವಿನ ಎಲೆಯನ್ನು ಈ ದೃಷ್ಟಿಯಿಂದ ನೋಡಿದರೆ ನಮ್ಮ ಪ್ರಶ್ನೆಗೆ ಅರ್ಧ ಉತ್ತರ ದೊರೆತಂತಾಯಿತು. ಈ ಎಲೆ ಅಡಿಗೆಗೆ ಸಿಹಿಯನ್ನೂ ಕೊಡುವುದಿಲ್ಲ, ಉಪ್ಪನ್ನೂ ಕೊಡುವುದಿಲ್ಲ. ಅದರ ಕೊಡುಗೆಯೆಲ್ಲ ಪರಿಮಳ. ನಾಲಗೆಯ ವ್ಯವಹಾರದಲ್ಲಿ ತಲೆಹಾಕದ ವಸ್ತುವಿಗೆ ಸಕ್ಕರೆಯ ಸಂಗಡವೂ ಜಗಳವಿಲ್ಲ, ಮೆಣಸಿನ ಸಂಗಡವೂ ಜಗಳವಿಲ್ಲ.

ಎಲೆಯೊಳಗಿನ ಎಣ್ಣೆ

ಉತ್ತರದ ಉಳಿದರ್ಧ ಎಲೆಯೊಳಗೆ ಅಡಗಿದೆ. ತಮಾಲಪತ್ರದ ತೆಳುವಾದ ಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ, ಹಸುರು ಜೀವಕೋಶಗಳ ನಡುನಡುವೆ ಎಣ್ಣೆ ತುಂಬಿದ ಕೋಶಗಳು ಕಾಣುತ್ತವೆ. ಇದು ಎಳ್ಳೆಣ್ಣೆ, ಕೊಬ್ಬರಿಎಣ್ಣೆಗಳಂತಹ ಜಿಡ್ಡಲ್ಲ. ಗಾಳಿಗೆ ತೆರೆದಿಟ್ಟರೆ ಹಾರಿಹೋಗುವ ಪರಿಮಳ ತೈಲ.

ಈ ತೈಲವು ಹಲವು ಸಂಯುಕ್ತಗಳ ಮಿಶ್ರಣ. ದಾಲ್ಚಿನ್ನಿಯ ಕುಲದ ಮರಗಳಲ್ಲಿ ಮುಖ್ಯವಾಗಿ ಕಂಡುಬರುವವು ಯೂಜಿನಾಲ್, ಸಿನ್ನಮಾಲ್ಡಿಹೈಡ್, ಲಿನಲೂಲ್ ಎಂಬ ವಸ್ತುಗಳು. ಯೂಜಿನಾಲ್ ಎಂದರೆ ಲವಂಗಕ್ಕೆ ಅದರ ವಾಸನೆಯನ್ನು ಕೊಟ್ಟ ವಸ್ತು. ಸಿನ್ನಮಾಲ್ಡಿಹೈಡ್ ದಾಲ್ಚಿನ್ನಿ ಚಕ್ಕೆಯ ಪರಿಮಳಕ್ಕೆ ಮೂಲ. ಒಂದೇ ಮರದ ಬೇರೆ ಬೇರೆ ಅಂಗಗಳಲ್ಲಿ ಇವುಗಳ ಪ್ರಮಾಣ ಬೇರೆ ಬೇರೆಯಾಗಿರುವುದೂ ಉಂಟು. ಸಿಂಹಳದ ದಾಲ್ಚಿನ್ನಿ ಮರದ ತೊಗಟೆಯಲ್ಲಿ ಸಿನ್ನಮಾಲ್ಡಿಹೈಡ್ ಪ್ರಧಾನ. ಅದೇ ಮರದ ಎಲೆಯಲ್ಲಿ ಯೂಜಿನಾಲ್ ಪ್ರಧಾನ. ಆದುದರಿಂದ ನಮ್ಮ ಹಿರಿಯರು ದಾಲ್ಚಿನ್ನಿ ಕುಲದ ಎಲೆಗೆ ಲವಂಗದೆಲೆ ಎಂದು ಹೆಸರಿಟ್ಟುದನ್ನು ಸಸ್ಯಶಾಸ್ತ್ರ ಒಪ್ಪದಿದ್ದರೂ ಮೂಗು ಒಪ್ಪುತ್ತದೆ.

ಲವಂಗ, ದಾಲ್ಚಿನ್ನಿಗಳನ್ನು ನಾವು ಸಿಹಿತಿಂಡಿಗೂ ಹಾಕುತ್ತೇವೆ, ಮಸಾಲೆಗೂ ಹಾಕುತ್ತೇವೆ. ಅವುಗಳ ಪರಿಮಳವನ್ನೇ ಮೃದುವಾಗಿ ಹೊತ್ತಿರುವ ಎಲೆಯೂ ಎರಡು ಕಡೆಗೂ ಸಲ್ಲುವುದು ಸಹಜ. ಆಯುರ್ವೇದದಲ್ಲಿ ದಾಲ್ಚಿನ್ನಿ, ಏಲಕ್ಕಿ, ತಮಾಲಪತ್ರ ಈ ಮೂರರ ಕೂಟಕ್ಕೆ ತ್ರಿಜಾತವೆಂದು ಹೆಸರು. ನಾಗಕೇಸರವೂ ಸೇರಿದರೆ ಅದು ಚತುರ್ಜಾತ. ಸಿಹಿಯಾದ ಚ್ಯವನಪ್ರಾಶ ಲೇಹ್ಯದಲ್ಲಿ ಈ ನಾಲ್ಕೂ ಸೇರುತ್ತವೆ. ಎಲೆಯನ್ನು ಸಿಹಿಯೊಡನೆ ಕೂಡಿಸುವುದು ನಮಗೆ ತೀರ ಹೊಸದೇನೂ ಅಲ್ಲ.

ಹೆಸರು ಒಂದು, ಮರ ಹಲವು

ಇಂಗ್ಲಿಷಿನ ಪಾಕಶಾಸ್ತ್ರದ ಪುಸ್ತಕಗಳು ‘ಬೇ ಲೀಫ್’ ಎಂದು ಕರೆಯುವುದು ನಮ್ಮ ತಮಾಲಪತ್ರವನ್ನಲ್ಲ. ಅದು ಮೆಡಿಟರೇನಿಯನ್ ಸಮುದ್ರದ ಸುತ್ತಣ ನಾಡುಗಳಲ್ಲಿ ಬೆಳೆಯುವ ಲಾರೆಲ್ ಮರದ ಎಲೆ. ಶಾಸ್ತ್ರೀಯ ನಾಮ ಲಾರಸ್ ನೊಬಿಲಿಸ್. ಗ್ರೀಕರೂ ರೋಮನರೂ ವಿಜಯಶಾಲಿಗಳ ತಲೆಗೆ ಮುಡಿಸುತ್ತಿದ್ದ ಮಾಲೆ ಇದರದೇ. ನೊಬೆಲ್ ಬಹುಮಾನ ಪಡೆದವರನ್ನು ‘ಲಾರಿಯೇಟ್’ ಎನ್ನುವ ಮಾತಿನಲ್ಲಿ ಈ ಮರದ ಹೆಸರು ಇನ್ನೂ ಉಳಿದಿದೆ. ನಮ್ಮ ತಮಾಲಪತ್ರದ ಮರವಾದರೋ ಹಿಮಾಲಯದ ತಪ್ಪಲಿನ ಮತ್ತು ಈಶಾನ್ಯದ ಬೆಟ್ಟಗಳ ನಿವಾಸಿಯಾದ ಸಿನ್ನಮೋಮಮ್ ತಮಾಲ. ಎರಡೂ ಒಂದೇ ಕುಟುಂಬಕ್ಕೆ ಸೇರಿದವು. ಕರ್ಪೂರದ ಮರವೂ ಬೆಣ್ಣೆಹಣ್ಣಿನ ಮರವೂ ಇದೇ ಬಳಗದವು. ಆದರೆ ಪರಿಮಳ ಬೇರೆ. ಲಾರೆಲ್ ಎಲೆಯ ತೈಲದಲ್ಲಿ ಮುಖ್ಯವಾದುದು ಸಿನಿಯೋಲ್. ನೀಲಗಿರಿ ಎಣ್ಣೆಯಲ್ಲಿರುವುದೂ ಇದೇ ವಸ್ತು. ಪರದೇಶದ ಪುಸ್ತಕವನ್ನು ನೋಡಿ ಕಸ್ಟರ್ಡ್ ಮಾಡುವವರು ನಮ್ಮ ಅಂಗಡಿಯ ಎಲೆಯನ್ನು ಹಾಕಿದರೆ, ತಯಾರಾದ ತಿಂಡಿ ಚೆನ್ನಾಗಿಯೇ ಇದ್ದೀತು; ಪುಸ್ತಕದವರು ಬಯಸಿದ ಪರಿಮಳ ಮಾತ್ರ ಅದರಲ್ಲಿ ಇರಲಾರದು.

ಈ ಗೊಂದಲ ಇಂದು ನಿನ್ನೆಯದಲ್ಲ. ಕ್ರಿಸ್ತಶಕ ಒಂದನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ನಾವಿಕಗ್ರಂಥದಲ್ಲಿ, ಕೇರಳತೀರದ ಮುಜಿರಿಸ್ ರೇವಿನಿಂದ ‘ಮಾಲಬಥ್ರಾನ್’ ಎಂಬ ಸರಕು ಹಡಗೇರುತ್ತಿದ್ದ ಸಂಗತಿ ಬರುತ್ತದೆ. ತಮಾಲಪತ್ರ ಎಂಬ ಶಬ್ದವೇ ಪರಕೀಯರ ಬಾಯಲ್ಲಿ ಹೀಗೆ ಮಾರ್ಪಟ್ಟಿತ್ತು. ಎಲೆಯೇನೋ ರೋಮಿಗೆ ಮುಟ್ಟಿತು. ಮರವನ್ನು ಅಲ್ಲಿ ಕಂಡವರಿರಲಿಲ್ಲ. ಅದೇ ಶತಮಾನದ ವೈದ್ಯ ಡಯಾಸ್ಕೊರಿಡಿಸನು, ಇದು ಭಾರತದ ಜೌಗುಗಳಲ್ಲಿ ಬೇರಿಲ್ಲದೆ ನೀರಿನ ಮೇಲೆ ತೇಲುವ ಎಲೆಯೆಂದು ಬರೆದಿಟ್ಟನು. ಗೋವೆಯಲ್ಲಿ ನೆಲಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯ ದ ಓರ್ತನು 1563ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ, ಇದು ಮರದ ಎಲೆಯೆಂದೂ, ಮೂಲ ಹೆಸರು ತಮಾಲಪತ್ರವೆಂದೂ ತಿಳಿಸಿದನು. ಕಣ್ಣಾರೆ ನೋಡದೆ ಹೆಸರನ್ನು ಮಾತ್ರ ನಂಬಿದರೆ ಪಂಡಿತನೂ ಬೆಟ್ಟದ ಮರವನ್ನು ನೀರಿನಲ್ಲಿ ತೇಲಿಸಿಬಿಡುತ್ತಾನೆ!

ಗುರುತಿಸುವುದು ಹೇಗೆ?

ಎಲೆಯ ಗುರುತನ್ನು ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದೇ ಕಲಿಯಬಹುದು. ದಾಲ್ಚಿನ್ನಿ ಕುಲದ ಎಲೆಯಲ್ಲಿ ಬುಡದಿಂದ, ಅಥವಾ ಬುಡಕ್ಕೆ ತೀರ ಸಮೀಪದಿಂದ, ಮೂರು ದಪ್ಪ ನರಗಳು ಹೊರಟು ತುದಿಯ ಕಡೆಗೆ ಸಾಗುತ್ತವೆ. ಲಾರೆಲ್ ಎಲೆಯಲ್ಲಿ ನಡುನರ ಒಂದೇ. ಅದರ ಎರಡು ಪಕ್ಕಗಳಿಂದ ಗರಿಯಂತೆ ಕಿರುನರಗಳು ಕವಲೊಡೆಯುತ್ತವೆ. ನಮ್ಮ ಮಲೆನಾಡಿನಲ್ಲಿ ಮನೆಯಂಗಳದ ಸರ್ವಸಾಂಬಾರದ ಎಲೆಯನ್ನೂ ಪಲಾವಿಗೆ ಹಾಕುವುದುಂಟು. ಅದರಲ್ಲಿಯೂ ನಡುನರ ಒಂದೇ. ಅದು ಲವಂಗ, ನೇರಳೆಗಳ ಕುಟುಂಬಕ್ಕೆ ಸೇರಿದ ಮರ. ಅದರ ಎಲೆಯ ಪರಿಮಳಕ್ಕೂ ಯೂಜಿನಾಲೇ ಮುಖ್ಯ ಕಾರಣ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಮೂರು ನರಗಳಿರುವ ಎಲೆಯೆಲ್ಲ ಪಲಾವಿನ ಎಲೆಯಲ್ಲ. ನಮ್ಮ ಕರಾವಳಿಯಲ್ಲಿಯೂ ಘಟ್ಟದ ಕಾಡುಗಳಲ್ಲಿಯೂ ಬೆಳೆಯುವ ಕಾಸರಕದ ಎಲೆ ನುಣುಪಾಗಿ ಹೊಳೆಯುತ್ತದೆ. ಅದರ ಬುಡದಿಂದಲೂ ಮೂರರಿಂದ ಐದು ನರಗಳು ಹೊರಡುತ್ತವೆ. ಆದರೆ ಅದು ಸ್ಟ್ರಿಕ್ನಿನ್ ಎಂಬ ಘೋರ ವಿಷದ ಮರ. ಹಾಗೆಯೇ ಒಂದೇ ನಡುನರವುಳ್ಳ ಉದ್ದನೆಯ ಕಣಗಿಲೆಯ ಎಲೆ ಒಣಗಿದಾಗ ಲಾರೆಲ್ ಎಂದು ಭ್ರಮೆ ಹುಟ್ಟಿಸಬಲ್ಲದು. ಅದರ ವಿಷ ಹೃದಯವನ್ನು ಕೆಡಿಸುವಂಥದು. ಒಣಗಿಸಿದರೂ ಕುದಿಸಿದರೂ ಅದು ಹೋಗುವುದಿಲ್ಲ. ಈ ಎರಡು ಎಲೆಗಳಿಗೂ ಸಾಂಬಾರದ ಪರಿಮಳವಿಲ್ಲ. ಹಾಗೆಂದು ಪರಿಮಳವೊಂದೇ ಅಭಯಪತ್ರವೂ ಅಲ್ಲ. ಯೂರೋಪಿನ ಚೆರ್ರಿ ಲಾರೆಲ್ ಎಂಬ ಗಿಡದ ಎಲೆಯನ್ನು ಹಿಸುಕಿದರೆ ಬಾದಾಮಿಯ ವಾಸನೆ ಬರುತ್ತದೆ. ಆಗ ಅದರಿಂದ ಹೊರಡುವ ವಸ್ತುಗಳಲ್ಲಿ ಸಯನೈಡ್ ವಿಷವೂ ಒಂದು. ಆದಕಾರಣ ನರವನ್ನು ನೋಡಬೇಕು, ಹಿಸುಕಿ ಮೂಸಬೇಕು; ಇವೆರಡಕ್ಕೂ ಮಿಗಿಲಾಗಿ, ಮರವನ್ನು ಬಲ್ಲವರು ಇದೇ ಎಂದು ತೋರಿಸದ ಎಲೆಯನ್ನು ಅಡಿಗೆಗೆ ಹಾಕಲೂಬಾರದು, ಬಾಯಿಗೆ ಇಟ್ಟು ಪರೀಕ್ಷಿಸಲೂಬಾರದು.

ಆವಿ, ಜಿಡ್ಡು, ಮುಚ್ಚಳ

ಇನ್ನು ಒಲೆಯ ಬಳಿಗೆ ಬರೋಣ. ಯೂಜಿನಾಲ್ ಕುದಿಯುವುದು ಸುಮಾರು 254 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಸಿನಿಯೋಲ್ ಸುಮಾರು 176ರಲ್ಲಿ. ಅನ್ನ ಬೇಯುವ ಪಾತ್ರೆಯಲ್ಲಿ ನೀರು 100 ಡಿಗ್ರಿಯ ಆಚೀಚೆ ಕುದಿಯುತ್ತಿರುತ್ತದೆ. ಹಾಗಿದ್ದಲ್ಲಿ ಎಲೆಯ ಎಣ್ಣೆ ಹೊರಬರುವುದು ಹೇಗೆ? ನೀರಿನೊಡನೆ ಬೆರೆಯದ ದ್ರವವೊಂದನ್ನು ನೀರಿನ ಸಂಗಡ ಕಾಯಿಸಿದಾಗ ಎರಡರ ಆವಿಯ ಒತ್ತಡಗಳೂ ಕೂಡಿಕೊಳ್ಳುತ್ತವೆ. ಆ ಮೊತ್ತವು ವಾಯುಮಂಡಲದ ಒತ್ತಡಕ್ಕೆ ಸಮನಾದೊಡನೆ ಎರಡೂ ಜೊತೆಯಾಗಿ ಆವಿಯಾಗತೊಡಗುತ್ತವೆ. ನೀರಿನ ಆವಿಯು ಎಣ್ಣೆಯ ಅಣುಗಳನ್ನು ಹೆಗಲ ಮೇಲೆ ಹೊತ್ತು ತರುತ್ತದೆಯೆನ್ನಬಹುದು. ಕಾರ್ಖಾನೆಗಳಲ್ಲಿ ಪರಿಮಳ ತೈಲವನ್ನು ಭಟ್ಟಿ ಇಳಿಸುವುದೂ ಇದೇ ತತ್ತ್ವದ ಮೇಲೆ.

ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಮೊದಲನೆಯದು, ಪಾತ್ರೆಯನ್ನು ಮುಚ್ಚಬೇಕು. ಇಲ್ಲವಾದರೆ ಪರಿಮಳ ಊಟಗಾರನಿಗೆ ದಕ್ಕದೆ ಬೀದಿಯ ಪಾಲಾಗುತ್ತದೆ. ಎರಡನೆಯದು, ಆವಿ ಹೊತ್ತು ತಂದುದನ್ನು ಹಿಡಿದಿಡಲು ಜಿಡ್ಡು ಬೇಕು. ಈ ಎಣ್ಣೆಗಳು ನೀರಿನಲ್ಲಿ ಬಹು ಸ್ವಲ್ಪವಾಗಿಯೂ ಕೊಬ್ಬಿನಲ್ಲಿ ಧಾರಾಳವಾಗಿಯೂ ಕರಗುತ್ತವೆ. ಪಲಾವು ಮಾಡುವಾಗ ಎಲೆಯನ್ನು ಮೊದಲು ಬಿಸಿ ತುಪ್ಪದಲ್ಲಿ ಬಾಡಿಸುವ ಪದ್ಧತಿಯ ಹಿಂದಿರುವ ಶಾಸ್ತ್ರ ಇದೇ. ತುಪ್ಪದಲ್ಲಿ ಕರಗಿದ ಪರಿಮಳ ಅಕ್ಕಿಯ ಪ್ರತಿಯೊಂದು ಕಾಳಿಗೂ ಹತ್ತುತ್ತದೆ. ಎಲೆ ಕಪ್ಪಾಗುವಷ್ಟು ಕಾಯಿಸಿದರೆ ಮಾತ್ರ ಎಣ್ಣೆ ಹಾರಿಹೋಗಿ ಕಮಟು ಉಳಿಯುತ್ತದೆ.

ಪಾಯಸದಲ್ಲಿ ತುಪ್ಪದ ಕೆಲಸವನ್ನು ಹಾಲಿನ ಕೊಬ್ಬು ಮಾಡುತ್ತದೆ. ಬಂಗಾಳದ ಕ್ರಮ ಹೀಗೆ: ಒಂದು ಲೀಟರು ಹಾಲಿಗೆ ಒಂದೆರಡು ಎಲೆ ಹಾಕಿ, ಸಣ್ಣ ಉರಿಯಲ್ಲಿ ಕಾಯಿಸಿ, ಹಾಲು ಸ್ವಲ್ಪ ಇಂಗಿದ ಮೇಲೆ ತೊಳೆದ ಪರಿಮಳದ ಸಣ್ಣಕ್ಕಿಯನ್ನು ಒಂದು ಹಿಡಿಯಷ್ಟು ಹಾಕಿ, ತಳ ಹತ್ತದಂತೆ ಕೈಯಾಡಿಸುತ್ತ ಬೇಯಿಸುವುದು. ಅಕ್ಕಿ ಪೂರ್ಣವಾಗಿ ಬೆಂದ ಮೇಲೆಯೇ ಸಕ್ಕರೆ. ಬೆಲ್ಲ ಹಾಕುವುದಾದರೆ ಪಾತ್ರೆಯನ್ನು ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಹಾಕಬೇಕು. ಕುದಿಯುವ ಹಾಲಿಗೆ ಹಾಕಿದರೆ ಬೆಲ್ಲದ ಆಮ್ಲಾಂಶದಿಂದ ಹಾಲು ಒಡೆಯುವ ಭಯವುಂಟು.

ಆವಿಯ ಕೆಲಸವನ್ನು ಇನ್ನೂ ಸ್ಪಷ್ಟವಾಗಿ ತೋರಿಸುವ ತಿಂಡಿ ಕೇರಳದ ಕುಂಬಿಳಪ್ಪ. ಪಶ್ಚಿಮ ಘಟ್ಟದ ಕಾಡುದಾಲ್ಚಿನ್ನಿಯ ಹಸಿ ಎಲೆಯನ್ನು ಪೊಟ್ಟಣದಂತೆ ಸುತ್ತಿ, ಅದರೊಳಗೆ ಅಕ್ಕಿಹಿಟ್ಟು, ಬೆಲ್ಲ, ಹಲಸಿನ ಅಥವಾ ಬಾಳೆಯ ಹಣ್ಣು ಕಲಸಿದ ಕಣಕವನ್ನು ತುಂಬಿ, ಹಬೆಯಲ್ಲಿ ಬೇಯಿಸುತ್ತಾರೆ. ಈ ಮರದ ಶಾಸ್ತ್ರೀಯ ನಾಮ ಸಿನ್ನಮೋಮಮ್ ಮಾಲಬಾತ್ರಮ್. ರೋಮಿಗೆ ಹೋದ ನಮ್ಮ ಶಬ್ದ ಮರದ ಹೆಸರಾಗಿ ಮನೆಗೆ ಮರಳಿದಂತಾಯಿತು. ನಮ್ಮ ಕರಾವಳಿಯಲ್ಲಿ ಅರಿಸಿನದೆಲೆಯಲ್ಲಿ ಮಡಿಚಿ ಬೇಯಿಸುವ ಸಿಹಿಕಡುಬಿನಲ್ಲಿ ಎಲೆ ಬೇರೆ, ತತ್ತ್ವ ಒಂದೇ.

ಬೇಕಾದವರು ಮನೆಯಲ್ಲಿ ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಒಂದೇ ಅಳತೆಯ ನೀರನ್ನೂ ಹಾಲನ್ನೂ ಎರಡು ಪಾತ್ರೆಗಳಲ್ಲಿ ತೆಗೆದುಕೊಂಡು, ತಲಾ ಒಂದು ಎಲೆಯನ್ನು ಹರಿದು ಹಾಕಿ, ಮುಚ್ಚಳ ಮುಚ್ಚಿ ಹತ್ತು ನಿಮಿಷ ಸಣ್ಣಗೆ ಕಾಯಿಸಿರಿ. ಒಲೆಯಿಂದ ಇಳಿಸಿ, ಆರಿದ ಮೇಲೆ ಮುಚ್ಚಳಗಳ ಒಳಮೈಯ ಹನಿಗಳನ್ನು ಮೂಸಿರಿ. ಬಳಿಕ ನೀರನ್ನೂ ಹಾಲನ್ನೂ, ಮೂಗನ್ನು ಹಿಡಿದು ಒಂದು ಗುಟುಕು, ಬಿಟ್ಟು ಒಂದು ಗುಟುಕು ಕುಡಿದು ನೋಡಿರಿ. ಮೇಲೆ ಹೇಳಿದುದೆಲ್ಲವನ್ನೂ ನಿಮ್ಮ ಇಂದ್ರಿಯಗಳೇ ನಿಮಗೆ ವಿವರಿಸುತ್ತವೆ.

ಹೆಕ್ಕಿ ತೆಗೆಯುವುದೇಕೆ?

ಎಷ್ಟು ಬೇಯಿಸಿದರೂ ಈ ಎಲೆ ಮೆತ್ತಗಾಗುವುದಿಲ್ಲ. ಅದರ ನರಗಳಲ್ಲಿ ಮರಕ್ಕೆ ಗಟ್ಟಿತನವನ್ನು ಕೊಡುವ ಲಿಗ್ನಿನ್ ಇದೆ. ಮೈಮೇಲೆ ಮೇಣದ ಹೊದಿಕೆಯಿದೆ. ಎಲೆ ವಿಷವಲ್ಲ, ಆದರೆ ಅದರ ಚೂಪಾದ ಚೂರು ಗಂಟಲಲ್ಲಿ, ಅನ್ನನಾಳದಲ್ಲಿ ಸಿಕ್ಕಿಕೊಂಡು ವೈದ್ಯರು ಹೊರತೆಗೆಯಬೇಕಾಗಿ ಬಂದ ಪ್ರಸಂಗಗಳುಂಟು. ಆದುದರಿಂದ ಎಲೆಯನ್ನು ಇಡಿಯಾಗಿ ಹಾಕಿ ಇಡಿಯಾಗಿ ತೆಗೆಯುವುದು ಲೇಸು. ಹರಿದು ಹಾಕಿದರೆ ತಪ್ಪದೆ ಸೋಸಬೇಕು.

ಮರವು ಈ ಎಣ್ಣೆಯನ್ನು ಕೂಡಿಟ್ಟುದು ನಮ್ಮ ಪಾಯಸಕ್ಕಾಗಿಯಂತೂ ಅಲ್ಲ. ಎಲೆಯನ್ನು ಮೇಯಲು ಬರುವ ಕೀಟಗಳನ್ನೂ ಹತ್ತುವ ಬೂಷ್ಟನ್ನೂ ದೂರವಿಡಲು ಅದಕ್ಕೆ ಇದು ಆಯುಧ. ಆ ಆಯುಧದಲ್ಲಿ ಒಂದಂಶವನ್ನು ನಾವು ಎರವಲು ಪಡೆಯುತ್ತೇವೆ. ಹದವರಿತು ಎಲೆ ಕೊಯ್ದರೆ ಮರಕ್ಕೆ ಹಾನಿಯಿಲ್ಲ. ಮೇಘಾಲಯದ ಬೆಟ್ಟಗಳಲ್ಲಿ ಒಂದೇ ಮರದಿಂದ ಹಲವು ದಶಕಗಳ ಕಾಲ ಎಲೆ ಪಡೆಯುತ್ತಾರೆ. ನಮ್ಮ ಘಟ್ಟದ ಕಾಡುಗಳಲ್ಲಿ ಇದೇ ಕುಲದ ಮರಗಳ ತೊಗಟೆಯನ್ನು ಸುಲಿಯುವುದೂ, ದಾಲ್ಚಿನ್ನಿ ಮೊಗ್ಗಿಗಾಗಿ ಕೊಂಬೆಗಳನ್ನೇ ಕಡಿಯುವುದೂ ಬೇರೆ ಮಾತು. ಸುತ್ತಲೂ ತೊಗಟೆ ಸುಲಿದ ಮರ ಒಣಗುತ್ತದೆ. ಎಳೆಗಾಯಿಯೆಲ್ಲ ಹೋದ ಮರಕ್ಕೆ ಬೀಜವಿಲ್ಲ, ಬೀಜವಿಲ್ಲದ ಕಾಡಿಗೆ ಸಸಿಯಿಲ್ಲ. ಊಟದ ಎಲೆಯ ಅಂಚಿಗೆ ಸರಿಸುವ ಆ ಒಣಪತ್ರ ಯಾವ ಮರದ್ದು, ಯಾವ ಬೆಟ್ಟದ್ದು ಎಂದು ತಿಳಿದವನು ಅದನ್ನು ಕಸವೆಂದು ಭಾವಿಸಲಾರನು.