ದ್ರಾಕ್ಷಿಯ ಬೂದಿರೋಗ: ಶಿಲೀಂಧ್ರದ ಆಹಾರಸಾಗಣೆ ಮತ್ತು ವಂಶವಾಹಿಗಳು

ಗೋದಾವರಿಯ ಎಡದಂಡೆಯಲ್ಲಿರುವ ಪಂಚವಟಿ ಇಂದು ನಾಸಿಕ್ ನಗರದ ಒಂದು ಭಾಗ. ಇದೇ ಜಿಲ್ಲೆಯ ದಿಂಡೋರಿ, ನಿಫಾಡ ತಾಲ್ಲೂಕುಗಳು ದ್ರಾಕ್ಷಿ ಬೇಸಾಯಕ್ಕೆ ಹೆಸರಾದವು. ಕರ್ನಾಟಕದ ವಿಜಯಪುರ, ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳ ಬೇಸಾಯವು ಇದರ ಮುಂದುವರಿಕೆಯೆಂಬಂತಿದೆ. ಥಾಮ್ಸನ್ ಸೀಡ್‌ಲೆಸ್ ಮತ್ತು ಅದರಿಂದ ಆಯ್ದ ತಳಿಗಳೇ ಎರಡೂ ಕಡೆ ಪ್ರಧಾನವಾಗಿವೆ. ಬಳ್ಳಿಯನ್ನು ಏಪ್ರಿಲ್ ಸುಮಾರಿಗೆ ಒಮ್ಮೆ, ಅಕ್ಟೋಬರ್ ಸುಮಾರಿಗೆ ಇನ್ನೊಮ್ಮೆ ಸವರುವ ಕ್ರಮವೂ ಒಂದೇ. ಈ ಸವರುವಿಕೆಗೆ ವಿಜಯಪುರದ ಬೆಳೆಗಾರರು ಬಳಸುವ ‘ಚಾಟ್ನಿ’ ಎಂಬ ಮಾತು ಮರಾಠಿಯಿಂದ ಬಂದುದು. ಎರಡೂ ಪ್ರದೇಶಗಳಿಗೆ ಸಮಾನವಾದ ಇನ್ನೊಂದು ಸಂಗತಿ ಬೂದಿರೋಗ. ಈ ರೋಗದ ಶಿಲೀಂಧ್ರವು ಬಳ್ಳಿಯಿಂದ ಆಹಾರವನ್ನು ಪಡೆಯುವ ಬಗೆಯನ್ನೂ ಅದರಲ್ಲಿ ಎರಡೂ ಜೀವಿಗಳ ವಂಶವಾಹಿಗಳ ಪಾತ್ರವನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಹೆಸರುಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ದ್ರಾಕ್ಷಿಯ ಬೂದಿರೋಗಕ್ಕೆ ಕಾರಣ ಎರಿಸೈಫೆ ನೆಕೇಟರ್ ಎಂಬ ನಿಜವಾದ ಶಿಲೀಂಧ್ರ. ಇದರೊಡನೆ ಹೇಳಲಾಗುವ ಬೂಜು ತುಪ್ಪಟ ರೋಗಕ್ಕೆ ಕಾರಣವಾದ ಪ್ಲಾಸ್ಮೊಪಾರಾ ವಿಟಿಕೋಲ ನೋಟಕ್ಕೆ ಶಿಲೀಂಧ್ರದಂತಿದ್ದರೂ ವಂಶದಿಂದ ಕಂದು ಪಾಚಿಗಳಿಗೆ ಹತ್ತಿರವಾದುದು. ಮಲೆನಾಡು ಮತ್ತು ಕಾಸರಗೋಡಿನ ಅಡಿಕೆಯ ಕೊಳೆರೋಗದ ಜೀವಿಯೂ ಈ ಎರಡನೆಯ ಗುಂಪಿಗೇ ಸೇರಿದೆ. ಬೂದಿರೋಗಕ್ಕೆ ಗಂಧಕವನ್ನೂ ಉಳಿದೆರಡಕ್ಕೆ ಬೋರ್ಡೊ ದ್ರಾವಣವನ್ನೂ ಬಳಸುವ ವಾಡಿಕೆಯ ಹಿಂದೆ ಈ ವಂಶಭೇದವೂ ಇದೆ.

ಬೂದಿರೋಗವು ಉತ್ತರ ಅಮೆರಿಕದ ಮೂಲದ್ದು. ಇಂಗ್ಲೆಂಡಿನ ಮಾರ್ಗೇಟಿನಲ್ಲಿ ಟಕರ್ ಎಂಬ ತೋಟಗಾರನು 1845ರಲ್ಲಿ ಅದನ್ನು ಗುರುತಿಸಿದನು. ಮುಂದಿನ ದಶಕದಲ್ಲಿ ಅದು ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ತತ್ತರಗೊಳಿಸಿತು. ನಮ್ಮಲ್ಲಿ ಅಕ್ಟೋಬರ್ ಚಾಟ್ನಿಯ ನಂತರ ಬರುವ ತಂಪಾದ, ಮೋಡ ಕವಿದ ಒಣಹವೆ ಅದಕ್ಕೆ ಅನುಕೂಲ. ಅದರ ಬೀಜಕಗಳು ಮೊಳೆಯಲು ಎಲೆಯ ಮೇಲೆ ನೀರಿನ ಹನಿಯೂ ಬೇಕಿಲ್ಲ.

‘ಬೂದಿ’ ಎಂಬ ಹೆಸರು ಕಣ್ಣಿಗೆ ಕಾಣುವುದನ್ನು ಸರಿಯಾಗಿಯೇ ಹೇಳುತ್ತದೆ. ಆದರೆ ಶಿಲೀಂಧ್ರದ ಊಟ ನಡೆಯುವುದು ಕಾಣದ ಕಡೆ. ಎಲೆಯ ಮೇಲೆ ಹಬ್ಬಿದ ಬಿಳಿಯ ಎಳೆಗಳಿಂದ ಸೂಕ್ಷ್ಮವಾದ ಮೊಳೆಯೊಂದು ಹೊರಪದರದ ಜೀವಕೋಶದ ಗೋಡೆಯನ್ನು ತೂರಿ, ಒಳಗೆ ಗುಂಡಾಗಿ ಉಬ್ಬುತ್ತದೆ. ಈ ಹಾಸ್ಟೋರಿಯಮ್ಮನ್ನು ನಾವು ಇಲ್ಲಿ ‘ಹೀರುಕೋಶ’ ಎಂದು ಕರೆಯುತ್ತೇವೆ. ‘ಹೀರುಬೇರು’ ಎಂಬ ಪದವು ಬಂದಳಿಕೆಯಂಥ ಪರಾವಲಂಬಿ ಸಸ್ಯಕ್ಕೆ ಒಪ್ಪುವಂಥದು, ಶಿಲೀಂಧ್ರಕ್ಕೆ ಬೇರಿಲ್ಲ. ಹೀರುಕೋಶವು ಬಳ್ಳಿಯ ಕೋಶಪೊರೆಯನ್ನು ಹರಿಯುವುದಿಲ್ಲ, ಒಳಕ್ಕೆ ತಳ್ಳಿ ಅದನ್ನೇ ಹೊದ್ದುಕೊಳ್ಳುತ್ತದೆ. ಆದುದರಿಂದ ಕೋಶವು ಸಾಯದೆ ಆಹಾರವನ್ನು ಒದಗಿಸುತ್ತಲೇ ಇರುತ್ತದೆ. ಜೀವಂತ ಆಶ್ರಯವಿಲ್ಲದೆ ಈ ಶಿಲೀಂಧ್ರವು ಬೆಳೆಯಲಾರದು.

ಬಳ್ಳಿಯಲ್ಲಿ ಸಕ್ಕರೆಯು ಸುಕ್ರೋಸ್ ರೂಪದಲ್ಲಿ ಸಂಚರಿಸುತ್ತದೆ. ಗೋಧಿಯ ಬೂದಿರೋಗವನ್ನು ಕುರಿತ 1999ರ ಅಧ್ಯಯನವೊಂದು, ಶಿಲೀಂಧ್ರಕ್ಕೆ ಸಾಗುವುದು ಸುಕ್ರೋಸ್ ಅಲ್ಲ, ಗ್ಲೂಕೋಸ್ ಎಂದು ತೋರಿಸಿತು. ಗ್ಲೂಕೋಸಿಗೆ ದ್ರಾಕ್ಷಿ ಸಕ್ಕರೆಯೆಂಬ ಹೆಸರಿರುವುದನ್ನು ಇಲ್ಲಿ ನೆನೆಯಬಹುದು. ಸುಕ್ರೋಸನ್ನು ಸೀಳುವ ಕಿಣ್ವ ಇನ್ವರ್ಟೇಸ್. ಬೂದಿರೋಗ ತಗುಲಿದ ದ್ರಾಕ್ಷಿ ಎಲೆಯಲ್ಲಿ ಕೋಶಗೋಡೆಯ ಇನ್ವರ್ಟೇಸ್ ಹಾಗೂ ‘ವಿವಿಎಚ್‌ಟಿ5’ ಎಂಬ ಸಕ್ಕರೆವಾಹಕ ಪ್ರೋಟೀನ್, ಇವೆರಡರ ವಂಶವಾಹಿಗಳೂ ಚುರುಕುಗೊಳ್ಳುವುದನ್ನು ಆಸ್ಟ್ರೇಲಿಯಾದ ಸಂಶೋಧಕರು 2010ರಲ್ಲಿ ಪ್ರಕಟಿಸಿದರು. ಬೂಜು ತುಪ್ಪಟ ರೋಗದಲ್ಲಿಯೂ ಹೀಗೆಯೇ ಆಗುವುದು ಗಮನಾರ್ಹ. ಸಕ್ಕರೆಯನ್ನು ಹೊರಕಳುಹಿಸಬೇಕಾದ ಎಲೆಯು ಕಾಯಿಯಂತೆ ಸಕ್ಕರೆಯನ್ನು ಸೆಳೆಯತೊಡಗುತ್ತದೆ.

ಶಿಲೀಂಧ್ರದ ಕಡೆಯ ಬಾಗಿಲನ್ನು ಮೊದಲು ಸ್ಪಷ್ಟವಾಗಿ ತೋರಿಸಿದ್ದು ಬೂದಿರೋಗದಲ್ಲಿ ಅಲ್ಲ, ಹುರುಳಿಕಾಯಿ ಬಳಗದ ಬಾಕಲಾ ಅವರೆಯ ತುಕ್ಕುರೋಗದಲ್ಲಿ. ಜರ್ಮನಿಯಲ್ಲಿ ನಡೆದು 2001ರಲ್ಲಿ ಪ್ರಕಟವಾದ ಸಂಶೋಧನೆಯು ‘ಎಚ್‌ಎಕ್ಸ್‌ಟಿ1’ ಎಂಬ ವಾಹಕವನ್ನು ತುಕ್ಕುಶಿಲೀಂಧ್ರದ ಹೀರುಕೋಶದ ಪೊರೆಯಲ್ಲಿ ಗುರುತಿಸಿತು. ಅದು ಗ್ಲೂಕೋಸ್ ಮತ್ತು ಫ್ರಕ್ಟೋಸನ್ನು ಸಾಗಿಸುತ್ತದೆ. ಇದರ ಕ್ರಮ ಹೀಗಿದೆ: ಪೊರೆಯಲ್ಲಿನ ಪಂಪು ಶಕ್ತಿಯನ್ನು ವ್ಯಯಿಸಿ ಪ್ರೋಟಾನುಗಳನ್ನು ಹೊರದೂಡುತ್ತದೆ; ಅವು ಮರಳಿ ಒಳಬರುವಾಗ ವಾಹಕದ ಮೂಲಕ ಸಕ್ಕರೆಯನ್ನೂ ಜೊತೆಗೆ ತರುತ್ತವೆ.

ಈ ಸುಲಭವಾದ ಊಟಕ್ಕೆ ಶಿಲೀಂಧ್ರವು ಬೆಲೆ ತೆತ್ತಿದೆ. ಬಾರ್ಲಿಯ ಬೂದಿಶಿಲೀಂಧ್ರದ ಸಮಗ್ರ ಜೀನೋಮನ್ನು 2010ರಲ್ಲಿ ಪ್ರಕಟಿಸಿದಾಗ, ನೈಟ್ರೇಟನ್ನು ಬಳಸಿಕೊಳ್ಳುವ ಮತ್ತು ಥಯಮಿನ್ನನ್ನು ತಯಾರಿಸುವ ವಂಶವಾಹಿಗಳೂ ಸೇರಿದಂತೆ ಹಲವು ಅದರಲ್ಲಿ ಕಳೆದುಹೋಗಿರುವುದು ತಿಳಿಯಿತು. ಆದರೆ ಔಷಧಿಯನ್ನು ಎದುರಿಸುವಲ್ಲಿ ಈ ಬಳಗವು ದುರ್ಬಲವಲ್ಲ. 2014ರಲ್ಲಿ ಪ್ರಕಟವಾದ ದ್ರಾಕ್ಷಿ ಬೂದಿಶಿಲೀಂಧ್ರದ ಅಧ್ಯಯನವು, ಹಲವು ಶಿಲೀಂಧ್ರನಾಶಕಗಳ ಗುರಿಯಾದ ‘ಸಿವೈಪಿ51’ ವಂಶವಾಹಿಯ ಪ್ರತಿಗಳು ಔಷಧಿಯ ಒತ್ತಡದಲ್ಲಿ ಹೆಚ್ಚುವುದನ್ನು ತೋರಿಸಿತು. ಸಿಂಪಡಣೆಯ ಖರ್ಚನ್ನು ಹೊರುವ, ರಫ್ತಿಗಾಗಿ ಹಣ್ಣಿನ ಔಷಧಿ ಶೇಷದ ಪರೀಕ್ಷೆಯನ್ನು ಎದುರಿಸುವ ನಾಸಿಕ್ ಬೆಳೆಗಾರನಿಗೆ ಇದರ ಅರ್ಥ ಸ್ಪಷ್ಟ: ಅದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದಷ್ಟೂ ಅದರ ಫಲ ಕುಗ್ಗುತ್ತದೆ.

ಹಾಗಾದರೆ ಆಹಾರದ ಬಾಗಿಲನ್ನೇ ಮುಚ್ಚಬಹುದೆ? ಗೋಧಿಯ ‘ಎಲ್‌ಆರ್67’ ವಂಶವಾಹಿಯು ಈ ದಿಕ್ಕಿನಲ್ಲಿ ಆಸೆ ಹುಟ್ಟಿಸುತ್ತದೆ. ಅದು ಸಕ್ಕರೆವಾಹಕವೊಂದರ ವಂಶವಾಹಿಯೆಂದು 2015ರಲ್ಲಿ ತಿಳಿಯಿತು. ಕೇವಲ ಎರಡು ಅಮೈನೋ ಆಮ್ಲಗಳ ವ್ಯತ್ಯಾಸದಿಂದ ಅದರ ಗ್ಲೂಕೋಸ್ ಸಾಗಣೆ ಕುಂದಿ, ಗೋಧಿಗೆ ತುಕ್ಕುರೋಗಗಳನ್ನೂ ಬೂದಿರೋಗವನ್ನೂ ತಾಳಿಕೊಳ್ಳುವ ಗುಣ ಬರುತ್ತದೆ. ಆದರೆ ದ್ರಾಕ್ಷಿಯಲ್ಲಿ ತೊಡಕೊಂದಿದೆ. ಹಣ್ಣು ಸಿಹಿಯಾಗುವುದೂ ಇನ್ವರ್ಟೇಸ್ ಮತ್ತು ಸಕ್ಕರೆವಾಹಕಗಳಿಂದಲೇ. ಶಿಲೀಂಧ್ರವು ಬಳಸಿಕೊಳ್ಳುವುದು ಬಳ್ಳಿಯು ತನ್ನ ಗೊಂಚಲಿಗಾಗಿ ಇಟ್ಟುಕೊಂಡ ಏರ್ಪಾಡನ್ನೇ. ಎಲೆಯ ಬಾಗಿಲನ್ನು ಮುಚ್ಚಿ ಗೊಂಚಲಿನ ಬಾಗಿಲನ್ನು ತೆರೆದಿಡುವುದು ಹೇಗೆಂಬುದೇ ಸಂಶೋಧಕರ ಮುಂದಿರುವ ಪ್ರಶ್ನೆ. ಅದಕ್ಕೆ ದೊರೆಯುವ ಉತ್ತರವು ಗೋದಾವರಿಯ ತೀರಕ್ಕೂ ಕೃಷ್ಣೆ, ಭೀಮೆಯರ ತೀರಕ್ಕೂ ಸಮಾನವಾಗಿ ಸಲ್ಲುವುದೆಂದು ನಾವು ಭಾವಿಸುತ್ತೇವೆ.